ಬಲಿಪೀಠದ ಚಿತ್ರ ಬರೆದ ಮಾರೀ ಎಲ್ಲೆನ್‌ರೀಡರ್

ನಮ್ಮ ಅಜ್ಜಿಯಂದಿರ ಹಳೆಯ ಪ್ರಾರ್ಥನಾ ಪುಸ್ತಕಗಳನ್ನು ತೆರೆದರೆ ಹಾಳೆಗಳ ನಡುವೆ ಒಂದಾದರೂ ಸಂತರ ಚಿತ್ರ ಸಿಗುತ್ತದೆ. ತಗ್ಗಿದ ಕಣ್ಣು, ಶಾಂತ ಮುಖ, ನೀಲಿ ಮೇಲುಹೊದಿಕೆಯ ಮರಿಯಮ್ಮ, ಹಿಂದೆ ಬಂಗಾರದ ಬಣ್ಣ. ಈ ಬಗೆಯ ಚಿತ್ರಗಳನ್ನು ನಾವು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇವೆ. ಅವುಗಳ ಶೈಲಿ ಎಲ್ಲಿಂದ ಬಂತು ಎಂದು ಕೇಳಿದವರು ಕಡಿಮೆ. ಅದರ ಒಂದು ಮುಖ್ಯ ಬೇರು 19ನೇ ಶತಮಾನದ ಆರಂಭದಲ್ಲಿ ರೋಮ್ ನಗರದಲ್ಲಿ ನೆಲೆಸಿದ್ದ ಜರ್ಮನ್ ಕಲಾವಿದರ ಒಂದು ಸಣ್ಣ ಗುಂಪಿನಲ್ಲಿದೆ. ಆ ಗುಂಪಿನ ಒಡನಾಟಕ್ಕೆ ಬಂದ ಕೆಲವೇ ಮಹಿಳೆಯರಲ್ಲಿ ಮಾರೀ ಎಲ್ಲೆನ್‌ರೀಡರ್ ಒಬ್ಬರು. ಆಕೆ ಅಲ್ಲಿಗೆ ಹೋಗುವ ಮೊದಲೇ ಹೆಸರುವಾಸಿ ಭಾವಚಿತ್ರ ಕಲಾವಿದೆಯಾಗಿದ್ದರು. ಅರಮನೆಗಳ ರಾಜಕುಮಾರಿಯರು ಅವರ ಎದುರು ಕುಳಿತು ಚಿತ್ರ ಬರೆಸಿಕೊಂಡಿದ್ದರು. ಅಂತಹ ಸಂಪಾದನೆಯ ವೃತ್ತಿಯನ್ನು ಅರ್ಧಕ್ಕೆ ಬಿಟ್ಟು ಅವರು ದೇವಾಲಯದ ಚಿತ್ರಗಳ ಕಡೆಗೆ ತಿರುಗಿದರು. ಅದು ಲಾಭವೋ ನಷ್ಟವೋ ಎಂಬ ಚರ್ಚೆ ಕಲಾ ಇತಿಹಾಸಕಾರರಲ್ಲಿ ಮುಗಿದಿಲ್ಲ. ನಮಗೂ ಈ ಬಗ್ಗೆ ಒಂದು ಅಭಿಪ್ರಾಯವಿದೆ. ಅದಕ್ಕೂ ಮೊದಲು ಅವರ ಜೀವನವನ್ನು ನೋಡೋಣ.

ಮಾರೀ ಹುಟ್ಟಿದ್ದು 1791ರ ಮಾರ್ಚ್ 20ರಂದು, ಕಾನ್‌ಸ್ಟಾನ್ಸ್ ಎಂಬ ಊರಿನಲ್ಲಿ. ಸ್ವಿಜರ್‌ಲ್ಯಾಂಡ್ ಗಡಿಗೆ ತಾಗಿಕೊಂಡು ದೊಡ್ಡ ಸರೋವರದ ದಡದಲ್ಲಿರುವ ಊರು ಇದು. ಧರ್ಮಸಭೆಯ ಚರಿತ್ರೆ ಓದಿದವರಿಗೆ ಈ ಹೆಸರು ಹೊಸದಲ್ಲ. 1414ರಿಂದ 1418ರ ತನಕ ಮಹಾಸಭೆ ನಡೆದು, ಒಂದೇ ಕಾಲದಲ್ಲಿ ಮೂವರು ಪೋಪ್ ಪದವಿಗೆ ಹಕ್ಕು ಸಾಧಿಸುತ್ತಿದ್ದ ಗೊಂದಲ ಬಗೆಹರಿದದ್ದು ಇಲ್ಲಿಯೇ. ಮಾರೀ ಹುಟ್ಟಿದ ಕಾಲಕ್ಕೆ ಊರು ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ನೆಪೋಲಿಯನ್ ಯುದ್ಧಗಳ ಗಲಾಟೆಯಲ್ಲಿ ಅದು ಬಾಡೆನ್ ಸಂಸ್ಥಾನದ ಕೈಗೆ ಹೋಯಿತು.

ತಂದೆ ಕೊನ್ರಾಡ್ ಗಡಿಯಾರ ತಯಾರಿಸುವ ಕುಶಲಕರ್ಮಿ. ತಾಯಿ ಚಿತ್ರಕಾರರ ಮನೆತನದವರು. ತಾಯಿಯ ತಂದೆ ಫ್ರಾನ್ಜ್ ಲುಡ್ವಿಗ್ ಹೆರ್ಮಾನ್ ಕಾನ್‌ಸ್ಟಾನ್ಸ್‌ನ ಬಿಷಪರ ಆಸ್ಥಾನ ಚಿತ್ರಕಾರರಾಗಿ ಸರೋವರದ ಸುತ್ತಮುತ್ತಲಿನ ಚರ್ಚುಗಳ ಗೋಡೆಗಳಿಗೂ ಬಲಿಪೀಠಗಳಿಗೂ ಚಿತ್ರ ಬರೆದವರು. ಮೊಮ್ಮಗಳು ಹುಟ್ಟಿದ ವರ್ಷವೇ ಅಜ್ಜ ತೀರಿಕೊಂಡರು. ಅಜ್ಜನ ಕೆಲಸವನ್ನು ಮಾರೀ ನೋಡಿ ತಿಳಿದದ್ದು ಪೂಜೆಗೆ ಹೋದಾಗ, ಚರ್ಚಿನ ಗೋಡೆಗಳ ಮೇಲೆ.

ನಾಲ್ವರು ಹೆಣ್ಣುಮಕ್ಕಳಲ್ಲಿ ಕಿರಿಯವರಾದ ಮಾರೀ ಓದಿದ್ದು ಊರಿನ ಜೋಫಿಂಗನ್ ಕಾನ್ವೆಂಟಿನಲ್ಲಿ, ದೊಮಿನಿಕನ್ ಧರ್ಮಭಗಿನಿಯರ ಬಳಿ. ಆ ಕಾಲದಲ್ಲಿ ಸರಕಾರಗಳು ಮಠಗಳನ್ನು ಒಂದೊಂದಾಗಿ ಮುಚ್ಚಿ ಆಸ್ತಿ ವಶಪಡಿಸಿಕೊಳ್ಳುತ್ತಿದ್ದವು. ಜೋಫಿಂಗನ್ ಉಳಿದುಕೊಂಡದ್ದು ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಕಾರಣಕ್ಕೆ. ಶಾಲೆ ಮಠವನ್ನು ಉಳಿಸಿತು ಎನ್ನಬಹುದು. ನಮ್ಮ ಕರಾವಳಿಯಲ್ಲಿ ಕಾನ್ವೆಂಟ್ ಶಾಲೆಗಳಲ್ಲಿ ಓದಿ ಬೆಳೆದ ಓದುಗರಿಗೆ ಇದರ ಮಹತ್ವ ವಿವರಿಸಬೇಕಾಗಿಲ್ಲ.

1810ರಲ್ಲಿ, 19ರ ವಯಸ್ಸಿನಲ್ಲಿ, ಮಾರೀ ಯೋಸೆಫ್ ಐನ್ಸ್ಲೆ ಎಂಬ ಕಲಾವಿದರ ಬಳಿ ಕಲಿಯಲು ಸೇರಿದರು. ಅವರು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಭಾವಚಿತ್ರಗಳನ್ನು ಬರೆಯುವವರು. ಫೋಟೋ ಇಲ್ಲದ ಕಾಲವದು. ದೂರದೇಶಕ್ಕೆ ಹೋಗುವ ಮಗನ ಮುಖ, ಮದುವೆಗೆ ನಿಶ್ಚಯವಾದ ಹುಡುಗಿಯ ಮುಖ, ಸಾಯುವ ಹಾಸಿಗೆಯಲ್ಲಿರುವ ತಂದೆಯ ಮುಖ, ಯಾವುದನ್ನು ಇಟ್ಟುಕೊಳ್ಳಬೇಕಾದರೂ ಚಿತ್ರಕಾರನನ್ನೇ ಕರೆಯಬೇಕು. ಭಾವಚಿತ್ರದ ಕೆಲಸಕ್ಕೆ ಹೆಂಗಸರು ಬಂದರೆ ಯಾರೂ ಹೆಚ್ಚು ಆಕ್ಷೇಪಿಸುತ್ತಿರಲಿಲ್ಲ. ಮನೆಯ ಒಳಗೆ ಕುಳಿತು, ಮನೆಯವರ ಎದುರಿನಲ್ಲೇ ಮಾಡಬಹುದಾದ ಕೆಲಸ. ಆದರೆ ದೊಡ್ಡ ಚಿತ್ರಗಳ ಮಾತೇ ಬೇರೆ. ಬೈಬಲಿನ ಘಟನೆ, ಸಂತರ ಮರಣ, ಯುದ್ಧ ಇಂಥವನ್ನು ಬರೆಯಲು ಮನುಷ್ಯ ದೇಹದ ರಚನೆಯನ್ನು ಕಲಿತಿರಬೇಕು. ಅದನ್ನು ಕಲಿಸುತ್ತಿದ್ದುದು ಅಕಾಡೆಮಿಗಳಲ್ಲಿ, ಬಟ್ಟೆಯಿಲ್ಲದೆ ನಿಂತ ಗಂಡಸರನ್ನು ನೋಡಿ ಚಿತ್ರಿಸುವ ತರಗತಿಯಲ್ಲಿ. ಅಲ್ಲಿಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಹೀಗಾಗಿ ಮುಖ ಬಿಡಿಸುವುದು ಹೆಂಗಸರ ಪಾಲಿಗೆ, ಬಲಿಪೀಠದ ಚಿತ್ರ ಗಂಡಸರ ಪಾಲಿಗೆ ಎಂಬಂತೆ ಹಂಚಿಕೆಯಾಗಿತ್ತು.

ಈ ಹಂಚಿಕೆಯನ್ನು ಮೊದಲು ಅಲುಗಾಡಿಸಿದವರು ಒಬ್ಬ ವಿಕಾರ್ ಜನರಲ್. ಅವರ ಹೆಸರು ಇಗ್ನಾಜ್ ಹೈನ್ರಿಖ್ ಫಾನ್ ವೆಸೆನ್‌ಬರ್ಗ್. 1802ರಿಂದ ಕಾನ್‌ಸ್ಟಾನ್ಸ್ ಧರ್ಮಪ್ರಾಂತ್ಯದ ಆಡಳಿತವನ್ನು ಬಿಷಪರ ಪರವಾಗಿ ನಡೆಸುತ್ತಿದ್ದವರು. ಇಲ್ಲಿ ಒಂದು ಸ್ವಾರಸ್ಯ ಹೇಳಲೇಬೇಕು. ವಿಕಾರ್ ಜನರಲ್ ಆದಾಗ ಅವರಿಗೆ ಗುರುದೀಕ್ಷೆಯೇ ಆಗಿರಲಿಲ್ಲ, ಉಪ ಧರ್ಮಸೇವಕ ಪದವಿಯಲ್ಲಿದ್ದರು. ಗುರುದೀಕ್ಷೆಯಾದದ್ದು ಹತ್ತು ವರ್ಷಗಳ ನಂತರ, 1812ರಲ್ಲಿ. ಗುರುಗಳ ತರಬೇತಿ ಸುಧಾರಿಸಬೇಕು, ಜನರು ತಮ್ಮ ಭಾಷೆಯಲ್ಲಿ ಹಾಡಬೇಕು ಎಂದು ದುಡಿದ ಅವರನ್ನು ಪ್ರೀತಿಸಿದವರೂ ಅನುಮಾನಿಸಿದವರೂ ಇದ್ದರು. 1817ರಲ್ಲಿ ಧರ್ಮಪ್ರಾಂತ್ಯದ ಮುಖ್ಯಸ್ಥರಾಗಿ ಅವರ ಆಯ್ಕೆಯನ್ನು ರೋಮ್ ಒಪ್ಪಲಿಲ್ಲ. 1821ರಲ್ಲಿ ಆ ಪುರಾತನ ಧರ್ಮಪ್ರಾಂತ್ಯವೇ ರದ್ದಾಗಿ, ಅದರ ಬಾಡೆನ್ ಭಾಗ ಹೊಸದಾದ ಫ್ರೈಬುರ್ಗ್ ಮಹಾಧರ್ಮಪ್ರಾಂತ್ಯಕ್ಕೆ ಸೇರಿತು. ಆ ಜಗಳದಲ್ಲಿ ಯಾರದು ಸರಿ ಎಂದು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ನಮಗೆ ಬೇಕಾದದ್ದು ಇಷ್ಟು: ಗಡಿಯಾರ ಮಾಡುವವರ ಮಗಳ ಕೈಯಲ್ಲಿ ಏನಿದೆ ಎಂಬುದನ್ನು ಈ ಮನುಷ್ಯ ಗುರುತಿಸಿದರು. ಆಕೆಗಾಗಿ ಮ್ಯೂನಿಕ್‌ನ ಕಲಾ ಅಕಾಡೆಮಿಯ ಬಾಗಿಲು ತಟ್ಟಿದರು.

1813ರಲ್ಲಿ ಬಾಗಿಲು ತೆರೆಯಿತು. ಜರ್ಮನಿಯ ಕಲಾ ಅಕಾಡೆಮಿಯೊಂದರಲ್ಲಿ ವಿದ್ಯಾರ್ಥಿನಿಯಾಗಿ ಕಲಿತ ಮೊದಲ ಮಹಿಳೆ ಎಂದು ಮಾರೀ ಎಲ್ಲೆನ್‌ರೀಡರ್ ಅವರ ಹೆಸರನ್ನು ಇತಿಹಾಸಕಾರರು ದಾಖಲಿಸುತ್ತಾರೆ. ಅಕಾಡೆಮಿಯ ನಿರ್ದೇಶಕರಾಗಿದ್ದ ಯೋಹಾನ್ ಪೀಟರ್ ಫಾನ್ ಲಾಂಗರ್ ಅವರ ಗುರುಗಳು. ಮೂರು ವರ್ಷ ಅಲ್ಲಿ ಎಣ್ಣೆಬಣ್ಣ, ಬಣ್ಣದ ಕಡ್ಡಿ, ತಾಮ್ರದ ತಗಡಿನ ಮೇಲೆ ಗೀರಿ ಅಚ್ಚು ತೆಗೆಯುವುದು ಎಲ್ಲವನ್ನೂ ಕಲಿತರು. ಅವರ ಬಳಿಕ ಲೂಯೀಸೆ ಸೈಡ್ಲರ್ ಮೊದಲಾದ ಇತರ ಮಹಿಳೆಯರೂ ಮ್ಯೂನಿಕ್‌ಗೆ ಬಂದರು. ದುಃಖದ ಸಂಗತಿ ಎಂದರೆ ಈ ಬಾಗಿಲು ಶಾಶ್ವತವಾಗಿ ತೆರೆದಿರಲಿಲ್ಲ. ಶತಮಾನದ ಮಧ್ಯಭಾಗದಲ್ಲಿ ಅಕಾಡೆಮಿ ಹೆಂಗಸರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಮತ್ತೆ ಸೇರಿಸಿಕೊಂಡದ್ದು 1920ರಲ್ಲಿ. 1813ರಲ್ಲಿ ಮಾರೀಗೆ ಸಿಕ್ಕಿದ ಅವಕಾಶ ಅವರ ಮೊಮ್ಮಕ್ಕಳ ತಲೆಮಾರಿನವರಿಗೆ ಸಿಗಲಿಲ್ಲ.

ಊರಿಗೆ ಮರಳಿದ ಮೇಲೆ ಕೆಲಸಕ್ಕೆ ಬರವಿರಲಿಲ್ಲ. ಜೂರಿಕ್, ಫ್ರೈಬುರ್ಗ್ ನಗರಗಳ ಗಣ್ಯರು, ಸಿಗ್ಮರಿಂಗನ್‌ನ ಹೊಹೆನ್‌ಜೊಲರ್ನ್ ಅರಮನೆ, ಡೊನಾವ್‌ಎಷಿಂಗನ್‌ನ ಫ್ಯೂರ್‌ಸ್ಟೆನ್‌ಬರ್ಗ್ ಅರಮನೆ, ಕಾರ್ಲ್ಸ್‌ರೂಹೆಯ ಬಾಡೆನ್ ಅರಮನೆ ಎಂದು ಒಂದರ ನಂತರ ಒಂದು ಕರೆ. ಒಬ್ಬ ಅವಿವಾಹಿತ ಯುವತಿ ಕುದುರೆಗಾಡಿಯಲ್ಲಿ ಬಣ್ಣದ ಪೆಟ್ಟಿಗೆ ಇಟ್ಟುಕೊಂಡು ಅರಮನೆಯಿಂದ ಅರಮನೆಗೆ ಹೋಗಿ ತನ್ನ ದುಡಿಮೆಯಲ್ಲಿ ಬದುಕುವುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಅವರ ಈ ವರ್ಷಗಳ ಭಾವಚಿತ್ರಗಳಲ್ಲಿ ಅಲಂಕಾರ ಕಡಿಮೆ. ರಾಜಕುಮಾರಿಯಾದರೂ ಕಿರೀಟ ಪರದೆಗಳ ಅಬ್ಬರವಿಲ್ಲ. ಎದುರಿಗೆ ಕುಳಿತವರ ಕಣ್ಣು ಮತ್ತು ಬಾಯಿಯ ಸುತ್ತಲೇ ಅವರ ಗಮನ. 1818ರಲ್ಲಿ ಬರೆದ ಸ್ವಂತ ಭಾವಚಿತ್ರ ಕಾರ್ಲ್ಸ್‌ರೂಹೆಯ ಕಲಾಶಾಲೆಯಲ್ಲಿದೆ. 27ರ ಯುವತಿ ನಮ್ಮನ್ನು ನೇರವಾಗಿ ನೋಡುತ್ತಾಳೆ. ನೋಟದಲ್ಲಿ ಬಿಗುಮಾನವೂ ಇಲ್ಲ, ಸಂಕೋಚವೂ ಇಲ್ಲ. 1819ರಲ್ಲಿ ವೆಸೆನ್‌ಬರ್ಗ್ ಅವರನ್ನೂ ಚಿತ್ರಿಸಿದರು. ರೋಮ್‌ನಿಂದ ಒಪ್ಪಿಗೆ ಸಿಗದೆ ಮರಳಿದ್ದ ತನ್ನ ಹಿತಚಿಂತಕನ ಮುಖವನ್ನು ಬರೆಯುವಾಗ ಆಕೆಯ ಮನಸ್ಸಿನಲ್ಲಿ ಏನಿತ್ತೋ.

1820ರಲ್ಲಿ ಬಂದ ಕೆಲಸ ಬೇರೆ ಬಗೆಯದು. ರೈನ್ ನದಿಯ ಬಯಲಿನಲ್ಲಿ ಇಖೆನ್‌ಹೈಮ್ ಎಂಬ ಹಳ್ಳಿ. ಅಲ್ಲಿನ ಸಂತ ನಿಕೊಲಾಸರ ಚರ್ಚಿಗೆ ಮೂರು ಬಲಿಪೀಠದ ಚಿತ್ರಗಳು ಬೇಕಾಗಿದ್ದವು. ಕೆಲಸವನ್ನು ಮಾರೀ ಎಲ್ಲೆನ್‌ರೀಡರ್ ಅವರಿಗೆ ವಹಿಸಲಾಯಿತು. ಜರ್ಮನಿಯಲ್ಲಿ ಕಥೋಲಿಕ ದೇವಾಲಯದ ಬಲಿಪೀಠಕ್ಕಾಗಿ ಮಹಿಳೆಯೊಬ್ಬರಿಗೆ ಇಂತಹ ಹೊಣೆ ಸಿಕ್ಕಿದ್ದು ಇದೇ ಮೊದಲು ಎನ್ನುತ್ತಾರೆ. ಎರಡು ವರ್ಷ ಅದಕ್ಕೆ ಹಿಡಿಯಿತು. ಯೋಚಿಸಿ ನೋಡಿ. ಅರಮನೆಯ ಭಾವಚಿತ್ರವನ್ನು ನೋಡುವವರು ಮನೆಯವರು, ಬಂಧುಗಳು, ಒಂದಿಷ್ಟು ಅತಿಥಿಗಳು. ಹಳ್ಳಿಯ ಚರ್ಚಿನ ಚಿತ್ರವನ್ನು ಪ್ರತಿ ಭಾನುವಾರ ಇಡೀ ಊರು ನೋಡುತ್ತದೆ. ಓದು ಬಾರದ ರೈತ, ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಪ್ರಸಂಗ ಉದ್ದವಾದಾಗ ಕಣ್ಣು ಅಲೆಸುವ ಹುಡುಗರು ಎಲ್ಲರೂ. ಅಂತಹ ಜಾಗದಲ್ಲಿ ತನ್ನ ಕೈಕೆಲಸ ನಿಲ್ಲುವುದು ಕಲಾವಿದೆಯೊಬ್ಬಳಿಗೆ ಅರಮನೆಯ ಹೊಗಳಿಕೆಗಿಂತ ಬೇರೆಯೇ ಆದ ಅನುಭವ. ಬಹುಶಃ ಇಲ್ಲಿಂದಲೇ ಮನಸ್ಸು ತಿರುಗತೊಡಗಿತು ಎಂದು ನಮಗೆ ತೋರುತ್ತದೆ.

ಇಖೆನ್‌ಹೈಮ್‌ನ ಕೆಲಸ ಮುಗಿಸಿ 1822ರ ಶರತ್ಕಾಲದಲ್ಲಿ ಮಾರೀ ರೋಮ್‌ಗೆ ಹೊರಟರು. ಆಗ ಅಲ್ಲಿ ಫ್ರೀಡ್ರಿಖ್ ಓವರ್‌ಬೆಕ್ ಎಂಬ ಕಲಾವಿದರ ಸುತ್ತ ಜರ್ಮನ್ ಚಿತ್ರಕಾರರ ಬಳಗವೊಂದಿತ್ತು. ಉತ್ತರ ಜರ್ಮನಿಯ ಪ್ರೊಟೆಸ್ಟಂಟ್ ಮನೆತನದ ಓವರ್‌ಬೆಕ್ 1813ರಲ್ಲಿ ಕಥೋಲಿಕರಾದವರು. ಅದಕ್ಕೂ ಮೊದಲು, 1809ರಲ್ಲಿ, ವಿಯೆನ್ನಾದಲ್ಲಿ ಓದುತ್ತಿದ್ದಾಗ ಗೆಳೆಯರ ಜೊತೆ ಸೇರಿ ಸಂತ ಲೂಕರ ಹೆಸರಿನಲ್ಲಿ ಒಂದು ಸಹೋದರ ಸಂಘ ಕಟ್ಟಿದ್ದರು. ಸಂತ ಲೂಕರು ಮರಿಯಮ್ಮನವರ ಚಿತ್ರ ಬರೆದರು ಎಂಬ ಪರಂಪರೆಯ ನಂಬಿಕೆಯಿಂದ ಅವರು ಚಿತ್ರಕಾರರ ಪಾಲಕರು ತಾನೇ. ಮರುವರ್ಷ ಈ ಯುವಕರು ರೋಮ್‌ಗೆ ಬಂದು ಖಾಲಿಯಾಗಿದ್ದ ಸಂತ ಇಸಿದೋರರ ಮಠದಲ್ಲಿ ವಾಸ ಹೂಡಿದರು. ಉದ್ದ ಕೂದಲು ಬಿಟ್ಟು ಸನ್ಯಾಸಿಗಳಂತೆ ಬದುಕುತ್ತಿದ್ದ ಅವರನ್ನು ಊರವರು ತಮಾಷೆಗೆ ನಜರೇನರು ಎಂದು ಕರೆದರು, ಹೆಸರು ಹಾಗೆಯೇ ನಿಂತಿತು. ಚಿತ್ರ ಬರೆಯುವುದು ಪ್ರಾರ್ಥನೆಯ ಹಾಗೆ ಎನ್ನುವುದು ಅವರ ನಿಲುವು. ರಫಾಯೆಲ್ ಮತ್ತು ಅವರಿಗಿಂತ ಹಿಂದಿನ ಇಟೆಲಿಯ ಕಲಾವಿದರ ಸರಳತೆಗೆ ಮರಳಬೇಕು ಎಂಬುದು ಅವರ ಹಂಬಲ. ನಾವು ಆರಂಭದಲ್ಲಿ ಹೇಳಿದ ಪ್ರಾರ್ಥನಾ ಪುಸ್ತಕದ ಚಿತ್ರಗಳ ಶೈಲಿ ಮುಂದೆ ಅಚ್ಚಿನ ಮೂಲಕ ಹರಡಿದ್ದು ಹೆಚ್ಚಾಗಿ ಈ ಮೂಲದಿಂದ.

ಮಾರೀಗೆ ಇದು ಮನೆಗೆ ಬಂದ ಹಾಗಾಯಿತು. ಮ್ಯೂನಿಕ್‌ನಲ್ಲಿ ಕಲಿತಿದ್ದ ಲೂಯೀಸೆ ಸೈಡ್ಲರ್ ಕೂಡ ಆಗ ರೋಮ್‌ನಲ್ಲಿದ್ದರು. ಒಬ್ಬರು ಪ್ರೊಟೆಸ್ಟಂಟ್, ಒಬ್ಬರು ಕಥೋಲಿಕ್. ಅವರ ಗೆಳೆತನಕ್ಕೆ ಅದು ಅಡ್ಡಿಯಾಗಲಿಲ್ಲ. ರೋಮ್‌ನಲ್ಲಿ ಸುಮಾರು ಎರಡು ವರ್ಷ, ಮರಳುವ ದಾರಿಯಲ್ಲಿ ಫ್ಲಾರೆನ್ಸ್‌ನಲ್ಲಿ ಕೆಲವು ಕಾಲ ಕಳೆದರು. ದಿನಚರಿ ಬರೆಯುವ ಅಭ್ಯಾಸವಿದ್ದ ಅವರು ತಮ್ಮ ಅಂತರಂಗವನ್ನು ಅದರಲ್ಲಿ ಕಠಿಣವಾಗಿ ಪರೀಕ್ಷಿಸಿಕೊಂಡಿದ್ದಾರೆ. ಕಲೆಯನ್ನು ದೇವರ ಸೇವೆಗೆ ಮೀಸಲಿಡಬೇಕು, ಹೆಸರಿನ ಆಸೆ ಬಿಡಬೇಕು ಎಂಬ ನಿಶ್ಚಯ ಈ ವರ್ಷಗಳದ್ದು.

ಅಲ್ಲಿ ಬರೆದ ಚಿತ್ರಗಳಲ್ಲಿ ಪ್ರಸಿದ್ಧವಾದದ್ದು 1824ರ ಮರಿಯಮ್ಮ ಮತ್ತು ಬಾಲಯೇಸು. ಇದೂ ಕಾರ್ಲ್ಸ್‌ರೂಹೆಯಲ್ಲಿದೆ. ನಾವು ಸಾಮಾನ್ಯವಾಗಿ ನೋಡುವುದು ತಾಯಿಯ ತೋಳಿನಲ್ಲೋ ಮಡಿಲಿನಲ್ಲೋ ಇರುವ ಕಂದನನ್ನು. ಇಲ್ಲಿ ಯೇಸು ತನ್ನ ಕಾಲ ಮೇಲೆ ನಿಂತ ಪುಟ್ಟ ಹುಡುಗ. ತಾಯಿ ಕೈಹಿಡಿದು ಅವನನ್ನು ನಮ್ಮ ಕಡೆಗೆ ಕರೆತರುತ್ತಿದ್ದಾಳೆ. ಮಗುವನ್ನು ಮೊದಲ ಬಾರಿ ಚರ್ಚಿಗೋ ಶಾಲೆಗೋ ಕರೆದುಕೊಂಡು ಹೋದ ಯಾವ ತಾಯಿಗೂ ಆ ಹಿಡಿತ ಗೊತ್ತು. ಬಿಗಿಯಾಗಿಯೂ ಇಲ್ಲ, ಸಡಿಲವಾಗಿಯೂ ಇಲ್ಲ.

ಮರಳಿದ ಮೇಲೆ ಗೌರವಗಳು ಬಂದವು. 1827ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಪದಕ. ಅದೇ ಹೊತ್ತಿಗೆ ಬಾಡೆನ್‌ನ ಮಹಾಪ್ರಭು ಲುಡ್ವಿಗ್ ರಾಜಧಾನಿಯ ಸಂತ ಸ್ತೆಫಾನರ ಚರ್ಚಿನ ಪ್ರಧಾನ ಬಲಿಪೀಠಕ್ಕೆ ಚಿತ್ರ ಬರೆಯಲು ಹೇಳಿದರು. ಬಾಡೆನ್ ರಾಜಮನೆತನ ಪ್ರೊಟೆಸ್ಟಂಟ್, ಚರ್ಚು ಕಥೋಲಿಕರದ್ದು. ವಿಷಯ, ಧರ್ಮಸಭೆಯ ಮೊದಲ ಹುತಾತ್ಮ ಸ್ತೆಫಾನರನ್ನು ಕಲ್ಲೆಸೆದು ಕೊಂದ ಘಟನೆ. ಅಕಾಡೆಮಿಯ ದೇಹರಚನೆಯ ತರಗತಿ ಹೆಂಗಸರಿಗಲ್ಲ ಎಂದಿದ್ದ ಕಾಲದಲ್ಲಿ, ಗಂಡಸರ ಗುಂಪೊಂದು ಕಲ್ಲು ಬೀಸುವ ದೊಡ್ಡ ಚಿತ್ರವನ್ನು ಹೆಂಗಸೊಬ್ಬರು ಬರೆದು ಮುಗಿಸಿದರು. 1829ರಲ್ಲಿ ಬಾಡೆನ್‌ನ ಆಸ್ಥಾನ ಚಿತ್ರಕಾರ್ತಿಯಾಗಿ ನೇಮಕವಾಯಿತು. ಅಜ್ಜ ಬಿಷಪರ ಆಸ್ಥಾನದಲ್ಲಿ, ಮೊಮ್ಮಗಳು ಮಹಾಪ್ರಭುವಿನ ಆಸ್ಥಾನದಲ್ಲಿ.

ಆಸ್ಥಾನದ ಹುದ್ದೆ ಎಂದರೆ ಮತ್ತೆ ಭಾವಚಿತ್ರ. ಮುಂದೆ ಮಹಾರಾಣಿ ಸೋಫಿ ಮತ್ತು ಅವರ ಮಕ್ಕಳ ದೊಡ್ಡ ಚಿತ್ರವನ್ನು 1830ರ ದಶಕದ ಆರಂಭದಲ್ಲಿ ಬರೆದರು. ಆದರೆ ಮನಸ್ಸು ಅಲ್ಲಿರಲಿಲ್ಲ. ಭಾವಚಿತ್ರಗಳ ಬೇಡಿಕೆಯನ್ನು ಸಾಧ್ಯವಾದಷ್ಟು ಕಡಿಮೆ ಮಾಡಿಕೊಂಡು ಸಂತರು, ದೇವದೂತರು, ಮರಿಯಮ್ಮ, ಪ್ರಾರ್ಥಿಸುವ ಮಕ್ಕಳು ಇವೇ ಹೆಚ್ಚಾದವು.

ಇಲ್ಲಿಯೇ ಕಲಾ ವಿಮರ್ಶಕರ ತಕರಾರು ಇರುವುದು. ರೋಮ್‌ಗೆ ಮುಂಚಿನ ಮುಖಗಳಲ್ಲಿ ಜೀವಂತ ಮನುಷ್ಯರಿದ್ದಾರೆ, ನಂತರದ ಪವಿತ್ರ ಚಿತ್ರಗಳಲ್ಲಿ ಎಲ್ಲರ ಮುಖವೂ ಒಂದೇ ಅಚ್ಚಿನಂತೆ ಸೌಮ್ಯವಾಗಿದೆ, ಒಬ್ಬ ದೊಡ್ಡ ಭಾವಚಿತ್ರ ಕಲಾವಿದೆಯನ್ನು ಭಕ್ತಿ ನುಂಗಿಹಾಕಿತು ಎಂದು ಹೇಳುವವರು ಹಲವರು. ಇದನ್ನು ಚರ್ಚಿನ ವಿರುದ್ಧದ ಮಾತು ಎಂದು ನಾವು ತಳ್ಳಿಹಾಕಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ಸತ್ಯವಿದೆ. ಅವರ ಕೊನೆಯ ವರ್ಷಗಳ ಕೆಲವು ದೇವದೂತರಿಗಿಂತ 1818ರ ಆ ಸ್ವಂತ ಭಾವಚಿತ್ರ ನಮ್ಮನ್ನೂ ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಭಕ್ತಿಯಿದ್ದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲ, ನಮ್ಮ ಚರ್ಚುಗಳಿಗೆ ಪ್ರತಿಮೆ, ಚಿತ್ರ ಮಾಡಿಸುವಾಗಲೂ ನೆನಪಿಡಬೇಕಾದ ಮಾತಿದು.

ಆದರೆ ಇನ್ನೊಂದು ಬದಿಯೂ ಇದೆ. 1824ರ ಬಾಲಯೇಸುವನ್ನು ಬರೆಯಲು ಹತ್ತು ವರ್ಷ ಮಕ್ಕಳ, ತಾಯಂದಿರ ಮುಖಗಳನ್ನು ಎದುರು ಕೂರಿಸಿಕೊಂಡು ನೋಡಿದ ಕಣ್ಣು ಬೇಕಾಗಿತ್ತು. ಭಾವಚಿತ್ರದಲ್ಲಿ ಕಲಿತದ್ದನ್ನೇ ಅವರು ಬಲಿಪೀಠಕ್ಕೆ ತಂದರು. ಅಲ್ಲದೆ, ಬಿಡು ಎಂದು ಯಾರೂ ಅವರಿಗೆ ಆಜ್ಞೆ ಮಾಡಲಿಲ್ಲ. ಹೆಂಗಸರಿಗೆ ಮುಖ ಬಿಡಿಸುವುದು ಸಾಕು ಎಂದು ಲೋಕ ಗೆರೆ ಎಳೆದಿದ್ದಾಗ ಆ ಗೆರೆ ದಾಟಿ ಹೋದವರು ಅವರು. ಅದನ್ನು ಬರಿಯ ಶರಣಾಗತಿ ಎಂದು ಓದುವುದು ನಮಗೆ ಸರಿಕಾಣುವುದಿಲ್ಲ.

ಆಯ್ಕೆ ಸುಲಭವಾಗಿತ್ತು ಎಂದೂ ತಿಳಿಯಬಾರದು. ತನ್ನ ಕೆಲಸ ದೇವರಿಗೆ ತಕ್ಕದ್ದಲ್ಲ ಎಂಬ ಶಂಕೆ, ಖಿನ್ನತೆ ಅವರನ್ನು ಬಹಳ ಕಾಡಿತು. 1838ರಲ್ಲಿ ಮತ್ತೆ ರೋಮ್‌ಗೆ ಹೋಗಿ 1840ರ ತನಕ ಇದ್ದರು. ಮೊದಲ ಸಲದ ಉತ್ಸಾಹ ಈ ಸಲ ಇರಲಿಲ್ಲ. ಅವರು ಅಲ್ಲಿದ್ದಾಗಲೇ, 1839ರಲ್ಲಿ, ಪ್ಯಾರಿಸ್‌ನಲ್ಲಿ ದಗೇರ್ ಎಂಬವರ ಫೋಟೋ ತೆಗೆಯುವ ವಿಧಾನವನ್ನು ಲೋಕಕ್ಕೆ ಪ್ರಕಟಿಸಲಾಯಿತು. ಸಣ್ಣ ಭಾವಚಿತ್ರ ಬರೆಯುವವರ ಕಸುಬು ಅಲ್ಲಿಂದ ಕೆಲವೇ ದಶಕಗಳಲ್ಲಿ ಮುಗಿಯಿತು.

ಆಮೇಲಿನ ಬದುಕು ಕಾನ್‌ಸ್ಟಾನ್ಸ್‌ನಲ್ಲಿ. ಕೆಲಸ ನಿಲ್ಲಲಿಲ್ಲ. 1847ರಲ್ಲಿ ಸಂತ ಫೆಲಿಸಿತಾ ಮತ್ತು ಅವರ ಏಳು ಮಂದಿ ಗಂಡುಮಕ್ಕಳ ಚಿತ್ರ ಬರೆದರು. ವಿಶ್ವಾಸಕ್ಕಾಗಿ ಮಕ್ಕಳೊಂದಿಗೆ ಪ್ರಾಣಕೊಟ್ಟ ರೋಮಿನ ವಿಧವೆ ಫೆಲಿಸಿತಾ. ಈ ಚಿತ್ರವನ್ನು ಕೊಂಡವರು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ. ಅವರ ಪತಿ ಆಲ್ಬರ್ಟ್ ಜರ್ಮನಿಯವರು, ಈ ಶೈಲಿಯನ್ನು ಮೆಚ್ಚಿದವರು. ಚಿತ್ರ ಬ್ರಿಟಿಷ್ ರಾಜಮನೆತನದ ಸಂಗ್ರಹ ಸೇರಿತು.

ವೆಸೆನ್‌ಬರ್ಗ್ ಕೂಡ ಅದೇ ಊರಿನಲ್ಲಿ ಮುಪ್ಪು ಕಳೆದರು. ಅಧಿಕಾರ ಹೋದ ಮೇಲೆ ಚಿತ್ರಗಳನ್ನು ಸಂಗ್ರಹಿಸುತ್ತಾ, ಕ್ರೈಸ್ತ ಚಿತ್ರಗಳ ಬಗ್ಗೆಯೇ ಪುಸ್ತಕ ಬರೆಯುತ್ತಾ ಇದ್ದ ಅವರು 1860ರಲ್ಲಿ ತೀರಿಕೊಂಡರು. ಒಬ್ಬರಿಗೆ ರೋಮ್ ತನ್ನ ಬಾಗಿಲು ಮುಚ್ಚಿತ್ತು, ಇನ್ನೊಬ್ಬರಿಗೆ ರೋಮ್ ಬದುಕಿನ ದಾರಿ ತೋರಿಸಿತ್ತು.

ಮೂರು ವರ್ಷಗಳ ನಂತರ, 1863ರ ಜೂನ್ 5ರ ಶುಕ್ರವಾರ, ಮಾರೀ ಎಲ್ಲೆನ್‌ರೀಡರ್ 72ನೇ ವಯಸ್ಸಿನಲ್ಲಿ ನಿಧನರಾದರು. ಹಿಂದಿನ ದಿನ ಗುರುವಾರ, ಪರಮಪ್ರಸಾದದ ಮಹೋತ್ಸವ.

ಅವರ ಕೆಲಸದ ದೊಡ್ಡ ಪಾಲು ಹುಟ್ಟೂರಿನ ರೋಸ್‌ಗಾರ್ಟನ್ ವಸ್ತುಸಂಗ್ರಹಾಲಯದಲ್ಲೂ, ವೆಸೆನ್‌ಬರ್ಗ್ ಹೆಸರಿನ ಕಲಾಶಾಲೆಯಲ್ಲೂ ಇದೆ. ಮರಣದ 150ನೇ ವರ್ಷ, 2013ರಲ್ಲಿ, ಕಾನ್‌ಸ್ಟಾನ್ಸ್‌ನಲ್ಲಿ ಅವರ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. ಅರಮನೆಗಳಿಗೆ ಬರೆದ ಮುಖಗಳೂ ದೇವಾಲಯಗಳಿಗಾಗಿ ಬರೆದ ಮುಖಗಳೂ ಅಲ್ಲಿ ಅಕ್ಕಪಕ್ಕ ತೂಗಿದ್ದವು.